ಇಲ್ಲದ ಇಪ್ಪತ್ತೊಂದು ಹಾವುಗಳು

ಹುಟ್ಟೇ ಇರದ ಇಪ್ಪತ್ತೊಂದು ಹಾವುಗಳನ್ನು ಕದ್ದಳೆಂಬ ಆಪಾದನೆ ಮಣ್ಣಕ್ಕನ ಮೇಲೆ ಬಂದದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಅವಳು ಎರಡೂ ಕೈತುಂಬ ತರಗೆಲೆ ಬಾಚಿಕೊಂಡು ನಿಂತಿದ್ದಾಗ. ಕದ್ದಿದ್ದರೆ ಎಲ್ಲಿಟ್ಟಳು, ಯಾತಕ್ಕೆ ಕದ್ದಳು, ಮಣ್ಣುಹಾವನ್ನು ಕದ್ದು ಯಾರಾದರೂ ಏನು ಮಾಡುತ್ತಾರೆ ಎಂದು ಒಬ್ಬರಾದರೂ ಕೇಳಲಿಲ್ಲ. ಪುಸ್ತಕದಲ್ಲಿ ನಲವತ್ತೆರಡು ಇತ್ತು, ಬುಟ್ಟಿಯಲ್ಲಿ ಇಪ್ಪತ್ತೊಂದು ಇತ್ತು, ನಡುವೆ ನಿಂತವಳು ಅವಳೊಬ್ಬಳೇ. ಸಿಕ್ಕಿಬೀಳುವುದಕ್ಕೆ ಅಷ್ಟು ಸಾಕಾಯಿತು.

ಮಣ್ಣಕ್ಕ ಅನ್ನುವುದು ಅವಳ ಹೆಸರೇನಲ್ಲ. ಸಾರ್ವಜನಿಕ ತೋಟದಲ್ಲಿ ಹತ್ತೊಂಬತ್ತು ವರ್ಷ ಅಗೆದು, ಬಗೆದು, ನೆಟ್ಟು, ಕಿತ್ತು, ಉಗುರಿನ ಸಂದಿಯ ಮಣ್ಣು ಎಷ್ಟು ತಿಕ್ಕಿದರೂ ಹೋಗದಂತೆ ಆದಮೇಲೆ ಜನ ಇಟ್ಟ ಹೆಸರು ಅದು. ನಿಜವಾದ ಹೆಸರು ಅವಳ ಅಕ್ಕನಿಗೆ ಗೊತ್ತಿತ್ತು, ಆದರೆ ಅಕ್ಕನೂ "ಏನೇ" ಅಂತಲೇ ಕರೆಯುತ್ತಿದ್ದಳು.

ಆ ಹತ್ತೊಂಬತ್ತು ವರ್ಷವೂ ಅವಳು ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಕಚೇರಿಯ ಕಿಟಕಿಯ ಮುಂದೆ ನಿಂತು, "ಇನ್ನಾರು ತಿಂಗಳು ಬರಬಹುದು" ಎಂಬ ಹಳದಿ ಚೀಟಿ ಈಸಿಕೊಳ್ಳಬೇಕು. ಕೊಡುವವರು ಒಮ್ಮೆಯೂ ತಲೆಯೆತ್ತಿ ನೋಡಿದವರಲ್ಲ. ಅವಳು ಕೆಲಸಕ್ಕೆ ಸೇರಿದ ವರ್ಷ ನೆಟ್ಟ ಸಸಿಗಳು ಈಗ ಮರಗಳಾಗಿ, ಅವುಗಳ ಬೇರು ಕಾಲುದಾರಿಯ ಕಲ್ಲುಗಳನ್ನು ಎತ್ತಿಹಾಕುತ್ತಿದ್ದವು. ಮರಗಳು ಖಾಯಂ ಆಗಿಬಿಟ್ಟಿದ್ದವು, ನೆಟ್ಟವಳು ಮಾತ್ರ ಇನ್ನೂ ಆಗಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ, ಖಾಯಂ ಆಗುವುದು. ಖಾಯಂ ಆದರೆ ಗಾಜಿನ ಮನೆಯ ಹಿಂದಿರುವ ತೋಟದ ರೂಮು ಸಿಗುತ್ತದೆ. ಎರಡು ಕಿಟಕಿ, ಒಂದು ಕಲ್ಲಿನ ಬಚ್ಚಲು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಈಗ ಅವಳು, ಅಕ್ಕ, ಭಾವ ಮೂವರೂ ಇದ್ದದ್ದು ತಗಡು ಬಡಿಯುವವನ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕೆಳಗೆ ಅವನು ತಗಡು ಬಡಿಯುತ್ತಿದ್ದ, ಮೇಲೆ ಅಕ್ಕ ಮಷೀನಿನಲ್ಲಿ ಚೀಲ ಹೊಲಿಯುತ್ತಿದ್ದಳು, ಎರಡರ ನಡುವೆ ಭಾವ ಕೆಮ್ಮುತ್ತಿದ್ದ. ಮಣ್ಣಕ್ಕ ಹಾಸಿಗೆ ಸುತ್ತಿಡದೆ ಬಾಗಿಲು ತೆಗೆಯುವಂತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಯಾರು ಮೊದಲು ಏಳಬೇಕೆಂಬ ಬಗ್ಗೆ ಚರ್ಚೆಯೇ ಇರಲಿಲ್ಲ.

ಇನ್ನು ಹಾವುಗಳ ವಿಷಯ. ಗಾಜಿನ ಮನೆಗೂ ಆ ರೂಮಿಗೂ ನಡುವೆ ಒಂದು ಹಳೆಯ ಗೊಬ್ಬರದ ಗುಂಡಿ ಇತ್ತು. ಒಂದು ಆಳೆತ್ತರ ಆಳ, ತುಂಬ ಕೊಳೆತ ಎಲೆ, ಸದಾ ತೇವ. ಅದರೊಳಗೆ ಮೊಂಡುಬಾಲದ ಮಣ್ಣುಹಾವುಗಳ ಒಂದು ಸಂಸಾರವಿತ್ತು. ಒಂದೂವರೆ ಗೇಣು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಕಪ್ಪು ಮೈ. ಬಿಸಿಲು ಬಿದ್ದರೆ ನೇರಳೆ ಹೊಳಪು. ವಿಷವಿಲ್ಲ, ಕಚ್ಚುವುದು ಗೊತ್ತಿಲ್ಲ. ಎರೆಹುಳು ತಿಂದುಕೊಂಡು, ಮಣ್ಣು ಕೊರೆದುಕೊಂಡು, ತಮ್ಮ ಪಾಡಿಗೆ ತಾವಿದ್ದವು. ಕೈಗೆತ್ತಿಕೊಂಡರೆ ಬೆರಳಿಗೆ ಸುತ್ತಿಕೊಂಡು ಸುಮ್ಮನಾಗುತ್ತಿದ್ದವು.

ಅವುಗಳಲ್ಲಿ ಒಂದೇ ಒಂದು ವಿಚಿತ್ರವಿತ್ತು. ತಲೆ ಸಣ್ಣಗೆ ಚೂಪಾಗಿತ್ತು, ಮಣ್ಣು ಕೊರೆಯಬೇಕಲ್ಲ, ಅದಕ್ಕೆ. ಬಾಲ ಮಾತ್ರ ಯಾರೋ ಕತ್ತಿಯಿಂದ ಓರೆಯಾಗಿ ಕಡಿದ ಹಾಗೆ ಮೊಂಡು, ದಪ್ಪ, ಒರಟು. ಬಿಲದೊಳಗೆ ಹೋಗುವಾಗ ಆ ಮೊಂಡು ಬಾಲವನ್ನೇ ಬಾಗಿಲು ಮಾಡಿ ಹಿಂದಿನಿಂದ ಮುಚ್ಚಿಕೊಳ್ಳುತ್ತಿದ್ದವು. ಮೇಲಿನಿಂದ ನೋಡಿದವರಿಗೆ ಅದೇ ತಲೆಯಂತೆ ಕಾಣುತ್ತಿತ್ತು. ಬಾಲವನ್ನು ತಲೆಯೆಂದು ತಿಳಿದು ಮೋಸಹೋಗುವುದು ಕಾಗೆ, ಹದ್ದು, ಮುಂಗುಸಿಗಳಿಗೆ ಮಾಮೂಲು. ಆ ಪಟ್ಟಿಗೆ ಮೂರು ತಿಂಗಳ ಹಿಂದೆ ಎಣಿಕೆಯ ಗುಮಾಸ್ತನೂ ಸೇರಿಕೊಂಡ.

ಅವನು ಬಂದದ್ದು ಒಂದು ಆದೇಶ ಹಿಡಿದುಕೊಂಡು. ಎಲ್ಲ ಸಾರ್ವಜನಿಕ ತೋಟಗಳಲ್ಲಿರುವ ಸಮಸ್ತ ಜೀವಿಗಳ ತಲೆ ಎಣಿಸತಕ್ಕದ್ದು ಎಂದು ಅದರಲ್ಲಿತ್ತು. ತಲೆ ಮಾತ್ರ, ಮೈ ಎಣಿಸಕೂಡದು, ಮೈ ಒಂದಕ್ಕೊಂದು ಸಿಕ್ಕಿಕೊಂಡು ಲೆಕ್ಕ ತಪ್ಪುತ್ತದೆ. ಗುಮಾಸ್ತ ಒಳ್ಳೆಯವನೇ, ಆದರೆ ಆದೇಶದ ವಿಷಯದಲ್ಲಿ ಅವನದು ಹಠದ ಸ್ವಭಾವ. ಕೊಳದ ಬಾತುಕೋಳಿಗಳು ನೀರಿನಲ್ಲಿ ತಲೆ ಮುಳುಗಿಸಿ ಆಡುತ್ತಿದ್ದುದರಿಂದ, ಎಲ್ಲ ತಲೆಗಳೂ ಒಟ್ಟಿಗೆ ಹೊರಗೆ ಬರುವ ಗಳಿಗೆಗಾಗಿ ಎರಡೂವರೆ ಗಂಟೆ ಕಾದು ನಿಂತವನು ಅವನು. ಹಾವಿನ ಗುಂಡಿಯ ಹತ್ತಿರ ಬರುವ ಹೊತ್ತಿಗೆ ಬಿಸಿಲಿಗೆ ಅವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಮಣ್ಣಕ್ಕ ಪೈಪು ಹಿಡಿದು ಗುಂಡಿಗೆ ನೀರು ಬಿಟ್ಟಳು. ನೀರು ಇಳಿದಂತೆ ಹಾವುಗಳು ಮೇಲೆದ್ದವು. ನಡುಮೈ ಎಲೆಗಳ ಅಡಿಯಲ್ಲೇ ಉಳಿಯಿತು, ಎರಡು ತುದಿಗಳು ಹೊರಗೆ ಬಂದವು. ಗುಮಾಸ್ತ ಎಣಿಸಿದ. ನಲವತ್ತೆರಡು.

"ಸಾರ್, ಅದರಲ್ಲಿ ಅರ್ಧ ಬಾಲ," ಅಂದಳು ಮಣ್ಣಕ್ಕ.

"ಬಾಲ ಅಂದ್ರೆ ಸಣ್ಣಗೆ ಚೂಪಾಗಿರುತ್ತಮ್ಮ. ಇದು ನೋಡು, ಹೇಗೆ ದಪ್ಪಗಿದೆ. ಇದು ತಲೆ."

"ಹಾಗಾದ್ರೆ ಆ ಕಡೆ ಚೂಪಾಗಿರೋದು?"

ಗುಮಾಸ್ತ ಬಗ್ಗಿ ನೋಡಿದ. ಚೂಪಾದ ತುದಿಗೆ ಸಾಸಿವೆ ಕಾಳಿನಂಥ ಎರಡು ಕಣ್ಣುಗಳಿದ್ದವು. "ಕಣ್ಣಿದೆ. ಅದೂ ತಲೆಯೇ," ಅಂದ.

"ಒಂದು ಹಾವಿಗೆ ಎರಡು ತಲೆ ಎಲ್ಲಾದ್ರೂ ಇರುತ್ತಾ ಸಾರ್?"

"ಇರಲ್ಲ. ಅದನ್ನೇ ನಾನೂ ಹೇಳ್ತಿರೋದು. ಎರಡು ತಲೆ ಇದ್ರೆ ಎರಡು ಹಾವು ಇದೆ ಅಂತ ಅರ್ಥ."

"ಮತ್ತೆ ಬಾಲಗಳೆಲ್ಲಿ?"

"ಬಾಲ ಎಣಿಸೋಕೆ ನನಗೆ ಆದೇಶ ಇಲ್ಲ," ಎಂದು ಗುಮಾಸ್ತ ಪುಸ್ತಕ ತೆರೆದ. ಬರೆಯುತ್ತ ಬರೆಯುತ್ತ, ಹವಾಮಾನದ ಬಗ್ಗೆ ಮಾತಾಡುವಷ್ಟೇ ಸಲೀಸಾಗಿ ಒಂದು ಮಾತು ಹೇಳಿದ. "ನಲವತ್ತು ದಾಟಿದ್ದು ಒಳ್ಳೇದಾಯ್ತು ಬಿಡು. ನಲವತ್ತು ದಾಟಿದ್ರೆ ಇದು ಸಂರಕ್ಷಿತ ನೆಲೆ ಆಗುತ್ತೆ. ನೆಲೆ ಅಂದಮೇಲೆ ಒಬ್ಬ ಪಾಲಕರು ಬೇಕೇ ಬೇಕು. ಖಾಯಂ. ರೂಮು ಸಮೇತ."

ಮಣ್ಣಕ್ಕನ ಕೈಯಲ್ಲಿದ್ದ ಪೈಪಿನ ನೀರು ತನ್ನ ಕಾಲಿನ ಮೇಲೇ ಸುರಿಯುತ್ತಿದ್ದದ್ದು ಅವಳಿಗೆ ತಿಳಿಯಲಿಲ್ಲ.

"ಸಾಕ್ಷಿ ಬೇಕು, ಇಲ್ಲಿ ಸಹಿ ಹಾಕು," ಅಂದ ಗುಮಾಸ್ತ.

ಇಲ್ಲಿ ಅವಳನ್ನು ಸಾಧ್ವಿ ಮಾಡಿ ತೋರಿಸುವ ಆಸೆ ಈ ಕಥೆ ಹೇಳುವವರಿಗಿಲ್ಲ. ಅದು ಬಾಲ ಎಂದು ಅವಳಿಗೆ ತನ್ನ ಮೂಗು ಎಲ್ಲಿದೆ ಎಂದು ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತಿತ್ತು. ಕೈ ಒರೆಸಿಕೊಂಡು ಸಹಿ ಹಾಕಿದಳು. ಗುಮಾಸ್ತನ ಸಹಿ ಒಂದು, ಅವಳ ಸಹಿ ಎರಡು, ಗುಂಡಿ ಯಾವ ದಿಕ್ಕಿಗಿದೆ ಎಂದೂ ತಿಳಿಯದ ತೋಟದ ಮೇಲ್ವಿಚಾರಕರ ಸಹಿ ಮೂರು. ಅವತ್ತು ಅಕ್ಕನ ಮುಂದೆ ಆ ರೂಮಿನ ಎರಡು ಕಿಟಕಿಗಳ ಬಗ್ಗೆ ಎಷ್ಟು ಹೇಳಿದಳೆಂದರೆ, ಮಷೀನು ಯಾವ ಕಿಟಕಿಯ ಕೆಳಗೆ ಇಡಬೇಕೆಂದು ಅಕ್ಕನೂ ಭಾವನೂ ಜಗಳವಾಡಿಕೊಂಡರು.

ಮೂರು ತಿಂಗಳಾದ ಮೇಲೆ, ಆ ಸೋಮವಾರ, ತಪಾಸಣೆಯ ಮೇಡಂ ಬಂದರು. ದೊಡ್ಡ ಕಚೇರಿಯವರು. ಯಾರ ಕುರ್ಚಿಯೂ ಬೇಡವೆಂದು ತಮ್ಮದೇ ಮಡಚುವ ಸ್ಟೂಲು ತಂದಿದ್ದರು. ಹುದ್ದೆ ಮಂಜೂರಾಗುವ ಮುಂಚೆ ಒಂದು ಸಲ ಎಣಿಸಿ ನೋಡುವುದು ನಿಯಮ. ಅವರು ತಲೆ ಎಣಿಸುವ ಗೋಜಿಗೇ ಹೋಗಲಿಲ್ಲ. ಕೈಗವಸು ಹಾಕಿಕೊಂಡು ಹಾವುಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದರು. ಇಪ್ಪತ್ತೊಂದಕ್ಕೆ ಮುಗಿದುಹೋಯಿತು. ಇನ್ನೂ ಎರಡು ಅಡಿ ಅಗೆಸಿದರು. ಎರೆಹುಳು ಸಿಕ್ಕಿದವು, ಒಂದು ಹಳೆಯ ಚಮಚ ಸಿಕ್ಕಿತು.

"ಉಳಿದ ಇಪ್ಪತ್ತೊಂದು ಎಲ್ಲಿ?" ಅಂದರು ಮೇಡಂ.

ಗುಮಾಸ್ತ ಮೇಲ್ವಿಚಾರಕರನ್ನು ನೋಡಿದ. ಮೇಲ್ವಿಚಾರಕರು ಮಣ್ಣಕ್ಕನನ್ನು ನೋಡಿದರು. ಮಣ್ಣಕ್ಕನ ಹಿಂದೆ ನೋಡುವುದಕ್ಕೆ ಯಾರೂ ಇರಲಿಲ್ಲ, ಗೋಡೆ ಇತ್ತು.

"ಮೂರು ಸಹಿ ಇರೋ ಪುಸ್ತಕ ತಪ್ಪಾಗಿರೋಕೆ ಸಾಧ್ಯ ಇಲ್ಲ," ಅಂದರು ಮೇಲ್ವಿಚಾರಕರು. "ಅಂದಮೇಲೆ ಹಾವೇ ಕಡಿಮೆ ಆಗಿರಬೇಕು. ಗುಂಡಿಗೆ ಕೈ ಹಾಕೋದು ಇವಳೊಬ್ಬಳೇ." ಗುರುವಾರ ವಿಚಾರಣೆ ಎಂದು ತೀರ್ಮಾನವಾಯಿತು. ಆಪಾದನೆ ನಿಜವಾದರೆ ಖಾಯಂ ಹೋಗಲಿ, ತೋಟದ ಗೇಟಿನೊಳಗೆ ಕಾಲಿಡುವಂತಿಲ್ಲ ಎಂದೂ ತಿಳಿಸಿದರು.

ಸಂಜೆ ಮನೆಯಲ್ಲಿ ಭಾವ ಸಭೆ ಕರೆದ. ಭಾವ ಅಂದರೆ ಮೂವತ್ತು ವರ್ಷ ಒಂದು ಕಚೇರಿಯಲ್ಲಿ ಬೇರೆಯವರ ಪತ್ರಗಳನ್ನು ಲಕೋಟೆಗೆ ಹಾಕಿ ಅಂಟಿಸಿದವನು. ಅಂಟಿಸುವ ಮುಂಚೆ ಪ್ರತಿಯೊಂದನ್ನೂ ಓದುತ್ತಿದ್ದ. ಹಾಗಾಗಿ ಜಗತ್ತಿನ ಎಲ್ಲ ನಿಯಮವೂ ತನಗೆ ಗೊತ್ತೆಂಬ ನಂಬಿಕೆ ಅವನಿಗಿತ್ತು.

"ಸತ್ತುಹೋದವು ಅನ್ನು," ಅಂದ.

"ಹೆಣ ತೋರ್ಸು ಅಂತಾರೆ ಭಾವ."

"ಓಡಿಹೋದವು ಅನ್ನು."

"ಅವು ಗುಂಡಿ ಬಿಟ್ಟು ಎಲ್ಲೂ ಹೋಗಲ್ಲ. ಹಾಗಂತ ಅದೇ ಪುಸ್ತಕದಲ್ಲಿ ಬರೆದಿದೆ, ಅದಕ್ಕೂ ನಾನೇ ಸಹಿ ಹಾಕಿದ್ದೀನಿ."

"ಒಂದನ್ನೊಂದು ನುಂಗಿದವು?"

"ಎರೆಹುಳು ನುಂಗೋಕೇ ಅವು ಅರ್ಧ ಗಂಟೆ ಮಾಡ್ತವೆ."

ಭಾವ ಕೆಮ್ಮಿದ, ಗಂಟಲು ಸರಿ ಮಾಡಿಕೊಂಡ. "ಬಸುರಿ ಹಾವು ಇದಾವಾ? ಅವು ಮೊಟ್ಟೆ ಇಡಲ್ಲ, ಮರಿ ಹಾಕ್ತವೆ ಅಂದಿದ್ದೆಯಲ್ಲ. ಹೊಟ್ಟೆಲಿರೋ ಮರಿನೂ ಸೇರ್ಸಿ ಎಣಿಸಿ ಅಂತ ಅರ್ಜಿ ಹಾಕೋಣ."

"ತಲೆ ಹೊರಗೆ ಬರಬೇಕಲ್ಲ ಭಾವ. ಇದು ತಲೆ ಎಣಿಕೆ."

ಅಷ್ಟು ಹೊತ್ತೂ ಮಷೀನಿನ ಮೇಲೆ ಬಗ್ಗಿದ್ದ ಅಕ್ಕ ದಾರ ಕಚ್ಚಿ ತುಂಡು ಮಾಡಿ, "ನಿಜ ಹೇಳಿಬಿಡೇ," ಅಂದಳು. ಭಾವ ಮರ್ಯಾದಸ್ಥರ ನಡುವೆ ಆಡಬಾರದ ಮಾತು ಕೇಳಿದವನ ಹಾಗೆ ಅವಳನ್ನು ನೋಡಿದ. ಕೆಳಗೆ ತಗಡು ಬಡಿಯುವವನು ಅಂಗಡಿ ಮುಚ್ಚಿದ. ಮಣ್ಣಕ್ಕ ಹಾಸಿಗೆ ಬಿಚ್ಚಿ ಬಾಗಿಲಿಗೆ ಅಡ್ಡ ಹಾಸಿದಳು.

ಗುರುವಾರ ಮೇಲ್ವಿಚಾರಕರ ಕೋಣೆಯಲ್ಲಿ ವಿಚಾರಣೆ. ಮೇಜಿನ ಮೇಲೆ ಪುಸ್ತಕಗಳನ್ನು ಒತ್ತರಿಸಿ ಒಂದು ಬಿಳಿಯ ತಟ್ಟೆ, ತಟ್ಟೆಯಲ್ಲಿ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಒಂದು ಹಾವು. ಮೇಡಂ ಸ್ಟೂಲಿನ ಮೇಲೆ ಕೂತಿದ್ದರು. ಗುಮಾಸ್ತ ನಿಂತಿದ್ದ.

"ಮೇಡಂ, ಇದಕ್ಕೆ ಒಂದೇ ತಲೆ," ಅಂದಳು ಮಣ್ಣಕ್ಕ. "ಯಾವ ಕಡೆಯಿಂದ ನಾಲಿಗೆ ಬರುತ್ತೋ ಅದು ತಲೆ. ಸ್ವಲ್ಪ ಕಾಯಬೇಕು, ಅಷ್ಟೆ."

ಮೇಡಂ ಕೈಗಡಿಯಾರ ಬಿಚ್ಚಿ ತಟ್ಟೆಯ ಪಕ್ಕಕ್ಕಿಟ್ಟರು. ನಾಲ್ಕು ಜನ ಒಂದು ಹಾವನ್ನು ನೋಡುತ್ತ ಕಾದರು. ಐದು ನಿಮಿಷ ಆಯಿತು. ಮೇಲ್ವಿಚಾರಕರು ಹಾವಿಗೆ ದಾರಿ ತೋರಿಸುವಂತೆ ತಮ್ಮ ನಾಲಿಗೆಯನ್ನೇ ತುಸು ಹೊರಚಾಚಿ, ಮೇಡಂ ನೋಡಿದ ಕೂಡಲೇ ಒಳಗೆಳೆದುಕೊಂಡರು. ಏಳನೇ ನಿಮಿಷಕ್ಕೆ ಚೂಪಾದ ತುದಿಯಿಂದ ಒಂದು ಎಳೆಯಷ್ಟು ನಾಲಿಗೆ ಹೊರಬಂದು, ಗಾಳಿಯನ್ನು ಮುಟ್ಟಿ, ಒಳಗೆ ಹೋಯಿತು.

"ಇದು ತಲೆ," ಅಂದರು ಮೇಡಂ. ಮೊಂಡು ತುದಿಗೂ ನ್ಯಾಯವಾಗಿ ಅರ್ಧ ಗಂಟೆ ಕೊಟ್ಟರು. ಅಲ್ಲಿಂದ ಏನೂ ಬರಲಿಲ್ಲ.

"ಅದಕ್ಕೆ ನಾಚಿಕೆ ಇರಬಹುದು ಮೇಡಂ," ಅಂದ ಗುಮಾಸ್ತ.

ಮೇಡಂ ಅವನನ್ನು ನೋಡಿದ ನೋಟಕ್ಕೆ ಅವನು ತಾನೇ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಅಂತೂ ನಲವತ್ತೆರಡು ಹಾವು ಯಾವತ್ತೂ ಇರಲಿಲ್ಲ, ಇದ್ದದ್ದು ಇಪ್ಪತ್ತೊಂದೇ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಮಣ್ಣಕ್ಕನ ಜೀವ ಹಿಂತಿರುಗಿದಂತಾಯಿತು. ಆದರೆ ಗೊತ್ತಾದದ್ದನ್ನು ಎಲ್ಲಿ ಬರೆಯುವುದು? ಮೇಡಂ ನಮೂನೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕಡಿಮೆಯಾದ ಜೀವಿಗಳಿಗೆ ಅಲ್ಲಿ ಮೂರೇ ಕಾಲಂ ಇದ್ದವು: ಸಾವು, ವರ್ಗಾವಣೆ, ಕಳವು.

"ತಪ್ಪು ಅಂತ ಒಂದು ಕಾಲಂ ಇಲ್ಲವಾ?" ಅಂದಳು ಮಣ್ಣಕ್ಕ.

"ತಪ್ಪು ಮಾಡ್ತೀವಿ ಅಂತ ಮೊದಲೇ ಗೊತ್ತಿದ್ರೆ ಅಚ್ಚು ಹಾಕಿಸ್ತಿದ್ವಿ," ಅಂದರು ಮೇಡಂ. ಅವರು ತಮಾಷೆ ಮಾಡುತ್ತಿರಲಿಲ್ಲ. "ಸಾವಿಗೆ ಹೆಣ ಇಲ್ಲ. ವರ್ಗಾವಣೆಗೆ ಆದೇಶ ಇಲ್ಲ. ಉಳಿದಿರೋದು ಕಳವು. ನೀವು ಕದ್ದಿಲ್ಲ ಅಂತ ನನಗೆ ಗೊತ್ತು. ಆದ್ರೂ ನಲವತ್ತೆರಡು ಅಂತ ಯಾಕೆ ಸಹಿ ಹಾಕಿದ್ರಿ?"

ಮಣ್ಣಕ್ಕ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಬಾಲ ಅಂತ ಗೊತ್ತಿದ್ದೂ ಹಾಕಿದೆ ಮೇಡಂ. ಆ ರೂಮಿನ ಆಸೆಗೆ. ಖಾಯಂ ಆಗ್ತೀನಿ ಅನ್ನೋ ಆಸೆಗೆ. ನನಗೆ ಬೇರೆ ಏನೂ ಬೇಕಾಗಿರಲಿಲ್ಲ." ಹೇಳಿ ಮುಗಿಸಿದ ಮೇಲೆ ಅವಳಿಗೆ ನಾಚಿಕೆಯೂ ಆಯಿತು, ಮೈಮೇಲಿನ ಮೂಟೆ ಇಳಿಸಿದಷ್ಟು ಹಗುರವೂ ಆಯಿತು.

ಮೇಡಂ ಕೈಗಡಿಯಾರವನ್ನು ಮತ್ತೆ ಕಟ್ಟಿಕೊಂಡರು. ಆಮೇಲೆ, "ಹೇಗೂ ನಿಮ್ಮ ಹೆಸರಿನ ಮುಂದೆ ಏನಾದ್ರೂ ಬರೀಲೇಬೇಕು," ಎಂದು ನೌಕರರ ಪಟ್ಟಿ ತರಿಸಿದರು. ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಹೋದರು, ಕೆಳಗಿನಿಂದ ಮೇಲಕ್ಕೆ ಬಂದರು. ಹೆಸರು ಇರಲಿಲ್ಲ. ತಾತ್ಕಾಲಿಕರ ಪಟ್ಟಿ ತರಿಸಿದರು. ಅದರಲ್ಲೂ ಇರಲಿಲ್ಲ. ಬಿಟ್ಟವರ ಪಟ್ಟಿ, ಸತ್ತವರ ಪಟ್ಟಿ, ಎಲ್ಲ ನೋಡಿದ್ದಾಯಿತು. ಕೊನೆಗೆ ಗುಮಾಸ್ತ ನಾಲ್ಕನೇ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದು, ಧೂಳು ಊದಿ, ಮೆಲ್ಲಗೆ ಮೇಜಿನ ಮೇಲಿಟ್ಟ. ಅದು ಸಲಕರಣೆಗಳ ಪುಸ್ತಕ.

ಮೇಡಂ ಗಟ್ಟಿಯಾಗಿ ಓದಿದರು. "ಸಲಿಕೆ ಎಂಟು. ಬುಟ್ಟಿ ಹನ್ನೆರಡು. ಪೈಪು ಎರಡು, ಒಂದು ತೂತು. ಹೆಂಗಸು ಒಂದು, ಬಳಕೆಗೆ ಯೋಗ್ಯ."

ಆ ಹಳದಿ ಚೀಟಿ ಏನೆಂಬುದು ಈಗ ತಿಳಿಯಿತು. ಆರು ತಿಂಗಳಿಗೊಮ್ಮೆ ಸಲಿಕೆ ಬುಟ್ಟಿಗಳನ್ನು ಪರೀಕ್ಷಿಸಿ, ಇನ್ನಾರು ತಿಂಗಳು ಬರುತ್ತವೆ ಎಂದು ಕೊಡುವ ಚೀಟಿ ಅದು. ಮಣ್ಣಕ್ಕ ಅಳಬೇಕಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಹತ್ತೊಂಬತ್ತು ವರ್ಷದ ಸಿಟ್ಟು ಒಂದೇ ಸಲಕ್ಕೆ ಬಂದರೆ ಬಾಯಿಗೆ ಹಿಡಿತವಿರುವುದಿಲ್ಲ.

"ನನಗಿಂತ ಆ ಹಾವೇ ವಾಸಿ!" ಅಂದಳು. "ಇರೋ ಹಾವಿಗೂ ಪುಸ್ತಕದಲ್ಲಿ ಜಾಗ ಇದೆ. ಇಲ್ಲದೇ ಇರೋ ಹಾವಿಗೂ ಜಾಗ ಇದೆ. ದಿನಾ ಬಂದು ನಿಮ್ಮ ಕಣ್ಣ ಮುಂದೆ ಮಣ್ಣು ಹೊತ್ತ ನನಗಿಲ್ಲ. ನಾನೇನು ಪೈಪಾ ಮೇಡಂ?"

ಮೇಡಂ ತಟ್ಟೆಯಲ್ಲಿದ್ದ ಹಾವನ್ನೇ ನೋಡುತ್ತ ಕೂತರು. "ಏನಂದ್ರಿ?" ಅಂದರು ಆಮೇಲೆ, ಸಿಟ್ಟಿಲ್ಲದೆ. "ಇನ್ನೊಂದು ಸಲ ಹೇಳಿ."

"ನಾನೇನು ಪೈಪಾ ಅಂದೆ."

"ಅದಲ್ಲ. ಅದಕ್ಕೆ ಮುಂಚೆ."

"ಇಲ್ಲದೇ ಇರೋ ಹಾವಿಗೂ ಜಾಗ ಇದೆ ಅಂದೆ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರು ನೂರಾರು ಕಡತಗಳನ್ನು ಮುಚ್ಚಿದ್ದರು. ಮುಚ್ಚಲಾಗದ ಕಡತವೊಂದು ಮುಚ್ಚುವ ದಾರಿ ಕಂಡಾಗ ಅವರ ಮುಖದಲ್ಲಿ ಮಗುವಿನ ನಿದ್ದೆಯಂಥ ಒಂದು ಶಾಂತಿ ಬರುತ್ತಿತ್ತು. ಈಗ ಅದು ಬಂತು.

"ಹಾವು ಕಡಿಮೆ ಆಗಿಲ್ಲ," ಅಂದರು. "ನಲವತ್ತೆರಡು ಹಾವಿನ ಜಾಗ ಮಂಜೂರಾಗಿದೆ. ಇಪ್ಪತ್ತೊಂದು ಭರ್ತಿ ಆಗಿದೆ, ಇಪ್ಪತ್ತೊಂದು ಖಾಲಿ ಇದೆ. ಖಾಲಿ ಇರೋದು ಯಾರ ತಪ್ಪೂ ಅಲ್ಲ. ಎಲ್ಲ ಕಚೇರಿಯಲ್ಲೂ ಅರ್ಧ ಜಾಗ ಖಾಲಿನೇ."

ಮೇಲ್ವಿಚಾರಕರು ಇಡೀ ವಾರದಲ್ಲಿ ಮೊದಲ ಸಲ ನಕ್ಕರು. "ಆದ್ರೆ ಒಂದನ್ನಾದ್ರೂ ಭರ್ತಿ ಮಾಡಬೇಕು," ಅಂದರು ಮೇಡಂ. "ಆಗ ಭರ್ತಿ ನಡೀತಾ ಇದೆ ಅಂತ ಬರೆದು ಕಡತ ಮುಚ್ಚಬಹುದು." ಹೇಳಿ, ಮಣ್ಣಕ್ಕನ ಕಡೆಗೆ ತಿರುಗಿದರು.

ಕೋಣೆಯಲ್ಲಿದ್ದವರಿಗೆ ವಿಷಯ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗುಮಾಸ್ತನಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಇಂಥ ವಿಷಯಗಳಲ್ಲಿ ಅವನು ಚುರುಕು.

ಮೇಡಂ ಪುಸ್ತಕದಲ್ಲಿ ಹಾವುಗಳ ಲಕ್ಷಣ ಬರೆದ ಪುಟ ತೆರೆದು ಒಂದೊಂದಾಗಿ ಕೇಳಿದರು. ವಾಸ, ತೋಟದ ಮಣ್ಣು. "ಬೆಳಿಗ್ಗೆಯಿಂದ ಸಂಜೆ ತನಕ ಮಣ್ಣಲ್ಲೇ ಇರ್ತಾಳೆ," ಅಂದರು ಮೇಲ್ವಿಚಾರಕರು. ಉಪಯೋಗ, ಮಣ್ಣು ಸಡಿಲಿಸುವುದು. ಅದರಲ್ಲಿ ಎರಡು ಮಾತಿರಲಿಲ್ಲ. ಸ್ವಭಾವ ಸಾಧು, ಮುಟ್ಟಿದರೆ ಕಚ್ಚುವುದಿಲ್ಲ. "ಇವತ್ತು ಸ್ವಲ್ಪ..." ಎಂದು ಮೇಲ್ವಿಚಾರಕರು ರಾಗ ಎಳೆದರು. ಮೇಡಂ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ವಿಷ ಇಲ್ಲ. ಉದ್ದ ಒಂದೂವರೆ ಗೇಣು, ಅಂದಾಜು.

"ಅಂದಾಜು ಅಂತ ಬರೆದಿರೋದ್ರಿಂದ ನಡೆಯುತ್ತೆ," ಅಂದ ಗುಮಾಸ್ತ. "ಅಲ್ದೆ ಇವರಿಗೆ ಇರೋದು ಒಂದೇ ತಲೆ ಮೇಡಂ. ಎಣಿಸೋಕೂ ಸುಲಭ."

"ಪಾಲಕರ ಕೆಲಸಾನೇ ನನಗೆ ಕೊಡಬಹುದಲ್ಲ," ಅಂದಳು ಮಣ್ಣಕ್ಕ. ಅವಳಿಗೆ ಇದೆಲ್ಲ ಕನಸಿನಲ್ಲಿ ನಡೆಯುತ್ತಿರುವಂತೆ ಅನ್ನಿಸುತ್ತಿತ್ತು.

"ಅದು ಪಟ್ಟಿಯಲ್ಲಿರೋ ನೌಕರರಿಗೆ ಮಾತ್ರ. ನೀವು ಸಲಕರಣೆ." ಮೇಡಂ ಇದನ್ನು ಹೇಳುವಾಗ ದನಿ ತಗ್ಗಿಸಿದರು. "ಹಾವಿನ ಜಾಗಕ್ಕೆ ಹಾಗೇನೂ ಇಲ್ಲ. ಗುಂಡಿ ಸುತ್ತ ಇಪ್ಪತ್ತು ಅಡಿ ಹಾವುಗಳ ನೆಲೆ. ಅಲ್ಲಿಂದ ಅವನ್ನ ಯಾರೂ ಎಬ್ಬಿಸೋ ಹಾಗಿಲ್ಲ. ಆ ರೂಮು ಎಷ್ಟು ಅಡಿ ದೂರ?"

"ಹದಿನಾಲ್ಕು," ಅಂದಳು ಮಣ್ಣಕ್ಕ. ಆ ದೂರವನ್ನು ಅವಳು ಎಷ್ಟು ಸಲ ಹೆಜ್ಜೆ ಹಾಕಿ ಅಳೆದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ.

"ನೋಡಿ ಮತ್ತೆ."

"ಖಾಯಮ್ಮಾ ಮೇಡಂ?"

"ಹಾವಲ್ಲಿ ತಾತ್ಕಾಲಿಕ ಅಂತ ಇಲ್ಲ."

"ಹಳದಿ ಚೀಟಿ?"

"ಹಾವು ಚೀಟಿ ತರಬೇಕು ಅಂತ ಯಾವ ನಿಯಮದಲ್ಲೂ ಬರೆದಿಲ್ಲ."

ತೋಟದ ಕೆಲಸ ಸಲಕರಣೆಗಳ ಪುಸ್ತಕದಲ್ಲಿದ್ದಂತೆಯೇ ಮುಂದುವರಿಯುತ್ತದೆ, ಹಾವಾಗುವುದು ಅದರ ಜೊತೆಗೆ. ಮನೆಯವರನ್ನು ಕೇಳಿ ನಾಳೆ ಹೇಳಿ ಎಂದು ಮೇಡಂ ಸ್ಟೂಲು ಮಡಚಿಕೊಂಡು ಹೊರಟರು.

ಅಕ್ಕನಿಗೆ ಕೇಳಿ ಮೈಯೆಲ್ಲ ಉರಿದುಹೋಯಿತು. "ಮನುಷ್ಯಳಾಗಿ ಹುಟ್ಟಿ ಹಾವು ಅಂತ ಬರೆಸ್ಕೋತೀಯಾ? ನಾಚ್ಕೆ ಆಗಲ್ವಾ?"

"ಪೈಪು ಅಂತ ಹತ್ತೊಂಬತ್ತು ವರ್ಷ ಬರೆಸ್ಕೊಂಡಿದ್ದೆ ಕಣಕ್ಕ. ಪೈಪಿಗೆ ಜೀವ ಇರಲ್ಲ. ಹಾವಿಗಾದ್ರೂ ಜೀವ ಇದೆ."

ಭಾವ ಮಂಚದ ಮೇಲೆ ನೆಟ್ಟಗೆ ಎದ್ದು ಕೂತ. "ಹಾವಿಗೆ ನಿವೃತ್ತಿ ವಯಸ್ಸು ಎಷ್ಟು ಅಂತ ಬರೆದಿದ್ದಾರೆ?"

"ಬರೆದಿಲ್ಲ ಭಾವ."

"ಬರೆದೇ ಇಲ್ಲವಾ!" ಮೂವತ್ತು ವರ್ಷ ಲಕೋಟೆ ಅಂಟಿಸಿ, ಒಂದು ದಿನ ಮಧ್ಯಾಹ್ನ ಮನೆಗೆ ಕಳಿಸಲ್ಪಟ್ಟಿದ್ದ ಭಾವ ನಾದಿನಿಯನ್ನು ಹೊಸ ಗೌರವದಿಂದ ನೋಡಿದ. "ಹಾವಿನ ಜೊತೆ ಯಾರು ಇರಬೇಕು ಅನ್ನೋದು?"

"ಅದು ಹಾವಿಗೆ ಬಿಟ್ಟಿದ್ದಂತೆ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೂಗು ಒರೆಸಿಕೊಂಡಳು. ಆಮೇಲೆ ಸ್ಕ್ರೂಡ್ರೈವರ್ ಹುಡುಕಿ ತೆಗೆದು, ಮಷೀನನ್ನು ಅದರ ಮೇಜಿನಿಂದ ಬಿಚ್ಚತೊಡಗಿದಳು.

ರೂಮಿನಲ್ಲಿ ಮಷೀನು ಪೂರ್ವದ ಕಿಟಕಿಯ ಕೆಳಗೆ ಬಂತು. ಬೆಳಕಿಗೆ ಅದೇ ಸರಿ ಎಂದು ಹಾವು ತೀರ್ಮಾನಿಸಿತ್ತು. ಪಾಲಕರ ಹುದ್ದೆ ಎಣಿಕೆಯ ಗುಮಾಸ್ತನಿಗೆ ಹೋಯಿತು. ಅವನಿಗೆ ಸ್ವಂತ ಮನೆಯಿದ್ದುದರಿಂದ ರೂಮಿನ ತಕರಾರು ಬಿದ್ದುಹೋಯಿತು. ಮಣ್ಣಕ್ಕನಿಗೆ ಅದರಿಂದ ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಮೊದಲ ದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುವಾಗ ಗುಮಾಸ್ತನ ನೆನಪು ಅವಳಿಗೆ ಬರಲಿಲ್ಲ.

ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಎಣಿಕೆ. ಗುಮಾಸ್ತ ಹೊಸ ಕನ್ನಡಕ ಹಾಕಿಕೊಂಡು, ಹೊಸ ಪುಸ್ತಕ ಹಿಡಿದು ಗುಂಡಿಯ ಪಕ್ಕ ನಿಂತ. ಈಗಿನ ನಿಯಮದ ಪ್ರಕಾರ ಒಂದೊಂದನ್ನೂ ಕೂಗಿ ಕರೆಯಬೇಕು. ಅವನು "ಒಂದು?" ಅನ್ನುತ್ತಿದ್ದ, ಮಣ್ಣಕ್ಕ ಬುಟ್ಟಿಯಿಂದ ಒಂದು ಹಾವನ್ನು ಎತ್ತಿ ತೋರಿಸುತ್ತಿದ್ದಳು. ಅವನು ಗುರುತು ಹಾಕುತ್ತಿದ್ದ, ಅವಳು ಅದನ್ನು ಗುಂಡಿಗೆ ಬಿಡುತ್ತಿದ್ದಳು. ಅದು ಚೂಪಾದ ತಲೆ ತೂರಿಸಿ, ಮೈ ಎಳೆದುಕೊಂಡು, ಬಾಲದಿಂದ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೀಗೆ ಇಪ್ಪತ್ತೊಂದು ಆಯಿತು, ಬುಟ್ಟಿ ಬರಿದಾಯಿತು.

"ಇಪ್ಪತ್ತೆರಡು?" ಅಂದ ಗುಮಾಸ್ತ.

ಮಣ್ಣಕ್ಕ ಗುಂಡಿಯ ಅಂಚಿನಲ್ಲಿ, ಪಾದ ಮುಳುಗುವಷ್ಟು ತೇವದ ಮಣ್ಣಿನಲ್ಲಿ ನಿಂತಿದ್ದಳು. ಆ ತೋಟದಲ್ಲಿ ಇಲ್ಲಿಯವರೆಗೆ ಯಾರೂ ಪುಸ್ತಕ ಹಿಡಿದು ಅವಳನ್ನು ಕರೆದು, ಉತ್ತರಕ್ಕಾಗಿ ತಲೆಯೆತ್ತಿ ನೋಡಿರಲಿಲ್ಲ. ಗುಮಾಸ್ತ ನೋಡುತ್ತಿದ್ದ. ಎಷ್ಟೋ ದಿನದಿಂದ ತಡೆದುಕೊಂಡಿದ್ದ ಅಳು ಈಗ, ಇಂಥ ನಗೆಪಾಟಲಿನ ಗಳಿಗೆಯಲ್ಲಿ, ಉಕ್ಕಿ ಬಂತು.

"ಇದ್ದೀನಿ ಸಾರ್," ಅಂದಳು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ, ಇನ್ನೂ ಗಟ್ಟಿಯಾಗಿ ಹೇಳಿದಳು, "ಇದ್ದೀನಿ!"

"ಒಂದು ಸಲ ಹೇಳಮ್ಮ ಸಾಕು," ಅಂದ ಗುಮಾಸ್ತ ಗಾಬರಿಯಿಂದ ಪೆನ್ನು ಮೇಲೆತ್ತಿ. "ಎರಡು ಸಲ ಹೇಳಿದ್ರೆ ಎರಡು ಅಂತ ಬರ್ಕೋಬೇಕಾಗುತ್ತೆ."

ಮಣ್ಣಕ್ಕ ಬಾಯಿ ಮುಚ್ಚಿಕೊಂಡು, ಅವನು ಒಂದು ಎಂದು ಬರೆಯುವುದನ್ನು ಕೊನೆಯ ಗೆರೆಯವರೆಗೂ ನೋಡಿದಳು.